ಕನಕಪುರಕ್ಕೆ ನಾನು ಓಡಿಸುವ ರೈಲು

ಹೌದು, ನಾನು ಆಟ ಆಡುತ್ತೇನೆ. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ. ಜೀವಮಾನವೆಲ್ಲ ನಿಜವಾದ ರೈಲು ಓಡಿಸಿ, ಹಾರ ಹಾಕಿಸಿಕೊಂಡು, ಶಾಲು ಹೊದೆಸಿಕೊಂಡು ಮನೆಗೆ ಬಂದ ನಾನು ಈಗ ಬೆಳಿಗ್ಗೆ ತಿಂಡಿ ತಿಂದು ಕೈ ತೊಳೆದ ಕೂಡಲೇ ಪರದೆಯ ಮುಂದೆ ಕೂರುತ್ತೇನೆ. ನಮ್ಮ ದೊಡ್ಡಮಳೂರಿನ ಟೀ ಅಂಗಡಿಯ ಮುಂದೆ ಹಾದುಹೋದರೆ ಬೆನ್ನ ಹಿಂದೆ 'ಕೂಊ' ಎಂದು ಕೂಗುವವರಿದ್ದಾರೆ. ಕೂಗಲಿ. ಅರವತ್ತಕ್ಕೆ ಅರಳು ಮರಳು ಎಂದು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಇಡೀ ದಿನ ಅರಳಿಕಟ್ಟೆ ಮೇಲೆ ಇಸ್ಪೀಟು ಕಲಸುವವರಿಗೆ ನನ್ನ ಆಟದ ವಿಚಾರಣೆ ಮಾಡುವ ಯೋಗ್ಯತೆ ಎಲ್ಲಿಂದ ಬಂತು?

ರೈಲ್ವೆಗೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ನನ್ನ ಹತ್ತಿರ ಬಂದು, ಕೆಲಸ ಹೇಗಿರುತ್ತೆ ಅಂತ ಕೇಳುತ್ತಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಕೈ ಕುಲುಕಿದರು ಅನ್ನೋದೆಲ್ಲ ಇದರಲ್ಲಿಲ್ಲ. ಕಲ್ಲಿದ್ದಲಿನ ಎಂಜಿನ್ನಿನ ಕೊನೆಗಾಲದಲ್ಲಿ ಸಲಿಕೆ ಹಿಡಿದು ಸೇರಿದೆ. ಆಮೇಲೆ ಡೀಸೆಲ್ ಬಂತು, ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂತು, ತಲೆ ಮೇಲೆ ಕರೆಂಟಿನ ತಂತಿ ಬಂತು. ಡ್ರೈವರ್ ಅನ್ನೋ ಹೆಸರು ಹೋಗಿ ಲೋಕೋ ಪೈಲಟ್ ಆಯಿತು. ಹೆಸರು ದೊಡ್ಡದಾದರೂ ಬೇಸಿಗೆಯಲ್ಲಿ ಕ್ಯಾಬಿನ್ನಿನೊಳಗೆ ಬೇಯುವುದು ತಪ್ಪಲಿಲ್ಲ.

ಮೊದಲು ಒಂದು ಮಾತು ತಿಳಿದುಕೊಳ್ಳಿ. ರೈಲು ಓಡಿಸುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ಇದನ್ನು ನನಗೆ ಕಲಿಸಿದವರು ನಮ್ಮ ಇನ್ಸ್‌ಪೆಕ್ಟರ್. ಚನ್ನಪಟ್ಟಣದ ಕೋಟೆಯ ಕಡೆಯವರು, ನಾವೆಲ್ಲ ಸಾಹೇಬರು ಎಂದೇ ಕರೆಯುತ್ತಿದ್ದೆವು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನಾನು ಹೊಸದಾಗಿ ಪ್ಯಾಸೆಂಜರ್ ಗಾಡಿ ಹಿಡಿದಾಗ ಒಂದು ದಿನ ರಾಮನಗರದಲ್ಲಿ ಧಡಕ್ಕೆಂದು ನಿಲ್ಲಿಸಿದೆ. ಸಾಹೇಬರು ಅದೇ ಗಾಡಿಯ ಹಿಂದಿನ ಬೋಗಿಯಲ್ಲಿದ್ದಾರೆಂದು ನನಗೇನು ಗೊತ್ತು! ಒಬ್ಬ ಮೊಸರು ಮಾರುವ ಹೆಂಗಸನ್ನು ಕರೆದುಕೊಂಡು ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದು ಎಂಜಿನ್ನಿನ ಹತ್ತಿರ ಬಂದರು. ಆಕೆಯ ಸೀರೆಯೆಲ್ಲ ಮೊಸರು.

"ನೋಡಮ್ಮ, ಇವ್ನೇ ಡ್ರೈವರ್. ಏನ್ ಬೈಬೇಕೋ ಬಯ್ಯಿ. ಸಿಗ್ನಲ್ ಬೀಳಾಗಂಟ ಟೈಮೈತೆ," ಅಂದರು.

ಆಕೆ ಬಿಡುತ್ತಾಳೆಯೇ? "ಏನ್ಲಾ, ನಿಮ್ಮಪ್ಪನ್ ಮನೆ ಎತ್ತಿನ್ ಗಾಡಿ ಅನ್ಕಂಡಿದ್ದೀಯೇನ್ಲಾ ಇದ್ನ? ಎಮ್ಮೆಗಾದ್ರೂ ನಿಲ್ಲಕ್ಕೆ ಮುಂಚೆ ಬುದ್ಧಿ ಇರ್ತದೆ ಕಣ್ಲಾ!" ಎಂದು ಶುರು ಮಾಡಿ, ನನ್ನ ವಂಶವನ್ನೆಲ್ಲ ಜಾಲಾಡಿಬಿಟ್ಟಳು. ಪ್ಲಾಟ್‌ಫಾರ್ಮಿನ ಜನವೆಲ್ಲ ನೋಡುತ್ತಿತ್ತು. ಆಕೆ ಹೋದ ಮೇಲೆ ಸಾಹೇಬರು, "ಗೌಡಾ, ಗಾಡಿ ಓಡ್ಸಕ್ಕೆ ಎಲ್ರಿಗೂ ಬರ್ತೈತೆ. ಮೊಸರು ಚೆಲ್ದಂಗೆ ನಿಲ್ಸೋನ್ನ ಮಾತ್ರ ನಾನು ಡ್ರೈವರ್ ಅಂತೀನಿ," ಎಂದು ಹೇಳಿ ಹೋದರು. ಅಂದಿನಿಂದ ಬ್ರೇಕ್ ಹಿಡಿದಾಗಲೆಲ್ಲ ನನ್ನ ಹಿಂದೆ ಯಾರೋ ಮಡಕೆ ಹಿಡಿದು ಕೂತಿದ್ದಾರೆ ಅಂದುಕೊಂಡೇ ಹಿಡಿದೆ.

ಇನ್ನು ಆಟ ನನಗೆ ಅಂಟಿಕೊಂಡ ಕತೆ. ನಿವೃತ್ತಿಯಾದ ಮೇಲೆ ಸಂಜೆ ಹೊತ್ತು ಚನ್ನಪಟ್ಟಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುವ ಅಭ್ಯಾಸವಿತ್ತು. ಒಂದು ದಿನ ಒಬ್ಬರು, ನೋಡಿದರೆ ಮರ್ಯಾದಸ್ಥರು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮೈಕು ಹಿಡಿದು ಬರುವ ಗಾಡಿಗೆ ಒಡ್ಡಿಕೊಂಡು ನಿಂತಿದ್ದರು. ಏನ್ ಸ್ವಾಮಿ ಇದು ಎಂದೆ. ಹಾರ್ನ್ ರೆಕಾರ್ಡ್ ಮಾಡ್ತಾ ಇದ್ದೀನಿ ಅಂದರು. ಯಾಕೆ ಅಂದೆ.

"ನಾನು ಕನಕಪುರದೋನು. ನಮ್ಮೂರ್ಗೆ ರೈಲಿಲ್ವಲ್ಲ, ಅದ್ಕೇ," ಅಂದರು.

ಅವರೇ ಶಿವಣ್ಣನವರು. ಕನಕಪುರದ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾರೆ. ಹುಟ್ಟಿದಾಗಿನಿಂದ ರೈಲು ಬರುತ್ತದೆ, ರೈಲು ಬರುತ್ತದೆ ಎಂದು ಕೇಳಿಸಿಕೊಂಡೇ ತಲೆ ನರೆತವರು. ಕಾದು ಕಾದು ಬೇಸತ್ತು ಕಂಪ್ಯೂಟರಿನಲ್ಲಿ ತಾವೇ ರಾಮನಗರದಿಂದ ಕನಕಪುರಕ್ಕೆ ಹಳಿ ಹಾಸತೊಡಗಿದ್ದರು. ಅವರಿಗೆ ಜೊತೆ ನಾಗವೇಣಿ ಟೀಚರ್. ಮಾಗಡಿ ತಾಲ್ಲೂಕಿನ ಕಲ್ಯದವರು, ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಮಾಗಡಿಗೂ ರೈಲಿಲ್ಲ. ಅವರು ಮಾಗಡಿ ಕಡೆಗೆ ಹಳಿ ಹಾಸುತ್ತಿದ್ದರು. ಅರ್ಕಾವತಿಗೆ ಸೇತುವೆ, ಬಂಡೆಗಳ ನಡುವೆ ತಿರುವು, ಊರೂರಿಗೆ ಸ್ಟೇಷನ್ನು, ಸ್ಟೇಷನ್ನಿಗೊಂದು ಹುಣಸೆಮರ. ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿರಲಿಲ್ಲ.

ಒಂದು ದಿನ ಶಿವಣ್ಣನವರ ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಅದನ್ನು ನೋಡಿದೆ. ನನಗೆ ನಗು ಬಂತು. "ನಾನು ನಿಜವಾದ ಗಾಡಿ ಓಡ್ಸಿರೋನು ಸ್ವಾಮಿ, ಕೊಡಿ ಇಲ್ಲಿ," ಎಂದು ಜಂಬದಿಂದ ಕೂತೆ. ಬಿಡದಿಯಿಂದ ಹೊರಟು ರಾಮನಗರದಲ್ಲಿ ನಿಲ್ಲಿಸಬೇಕು, ಅಷ್ಟೆ. ಬ್ರೇಕ್ ಹಾಕಿದೆ. ಗಾಡಿ ನಿಲ್ಲಲಿಲ್ಲ. ಪ್ಲಾಟ್‌ಫಾರ್ಮು ಎಡಗಡೆಯಿಂದ ಜಾರಿಕೊಂಡು ಹಿಂದೆ ಹೋಯಿತು.

"ಗೌಡ್ರೇ, ನಿಮ್ ಗಾಡಿ ಹಂಗೇ ಚನ್ನಪಟ್ಣಕ್ಕೆ ಓಯ್ತಾ ಐತಲ್ಲ, ಮನೆಗೇನಾದ್ರೂ ಅರ್ಜೆಂಟಾ?" ಅಂದರು ಶಿವಣ್ಣ.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಕಾರಣ ಆಮೇಲೆ ತಿಳಿಯಿತು. ನಿಜವಾದ ಗಾಡಿಯಲ್ಲಿ ಬ್ರೇಕ್ ಹಿಡಿಯುತ್ತಿದೆಯೋ ಇಲ್ಲವೋ ಎಂದು ಹೇಳುವುದು ಕೂತ ಕುಂಡಿ. ಹಿಂದಿನ ಬೋಗಿಗಳ ತಳ್ಳು ಬೆನ್ನಿಗೆ ಬರುತ್ತದೆ. ಆಟದಲ್ಲಿ ಅದ್ಯಾವುದೂ ಇಲ್ಲ, ಬರೀ ಕಣ್ಣು, ಕಿವಿ. ಪಾತ್ರೆ ಅಂಗಡಿಯವರು ಅದೇ ಜಾಗದಲ್ಲಿ ಬೆಣ್ಣೆಯಂತೆ ನಿಲ್ಲಿಸಿ ತೋರಿಸಿದರು. ನನಗೆ ಛಲ ಬಂತು. ಮಾರನೆಯ ವಾರವೇ ಕಂಪ್ಯೂಟರ್ ತಂದು ಹಜಾರದ ಮೂಲೆಯಲ್ಲಿಟ್ಟೆ. ನನ್ನ ಹೆಂಡತಿ ಜಯಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, "ಇದೇನ್ ಹಾಳು ಪೆಟ್ಗೆಯೋ," ಅಂದಳು.

ಈ ಆಟದಲ್ಲಿ ಏನು ಸುಖ ಎಂದು ಜನ ಕೇಳುತ್ತಾರೆ. ಯಾರನ್ನೂ ಕೊಲ್ಲುವುದಿಲ್ಲ, ಯಾರೂ ಗೆಲ್ಲುವುದಿಲ್ಲ, ಹಾರುವುದಿಲ್ಲ, ಕುಣಿಯುವುದಿಲ್ಲ. ಕೆಂಪು ಸಿಗ್ನಲ್ ಬಿದ್ದರೆ ಸುಮ್ಮನೆ ಕಾಯಬೇಕು. ನಿಜವಾಗಿ ಎಷ್ಟು ಹೊತ್ತೋ ಅಷ್ಟು ಹೊತ್ತು. ಇದೇ ಪ್ರಶ್ನೆಯನ್ನು ನಾನು ನಾಗವೇಣಿ ಟೀಚರಿಗೆ ಕೇಳಿದ್ದೆ.

"ಗೌಡ್ರೇ, ನಾನು ದಿನಾ ಕಾಯೋದೇ ಕೆಲ್ಸ. ಬಸ್ಸಿಗೆ ಕಾಯ್ತೀನಿ, ಸಂಬ್ಳಕ್ಕೆ ಕಾಯ್ತೀನಿ, ಮನೇಲಿ ಎಲ್ರುದೂ ಊಟ ಆಗ್ಲಿ ಅಂತ ಕಾಯ್ತೀನಿ. ಅಲ್ಲೆಲ್ಲ ಕಾದ್ರೂ ಬತ್ತದೋ ಇಲ್ವೋ ಗೊತ್ತಿಲ್ಲ. ಇಲ್ಲಿ ಕಾದ್ರೆ ಹಸಿರು ಬಂದೇ ಬತ್ತದೆ," ಅಂದರು. ಚಿಕ್ಕವರಿದ್ದಾಗ ರೈಲು ಡ್ರೈವರ್ ಆಗ್ತೀನಿ ಅಂದದ್ದಕ್ಕೆ ಅವರಪ್ಪ ಕೆನ್ನೆಗೆ ಬಿಟ್ಟಿದ್ದರಂತೆ. ಶಿವಣ್ಣನವರದು ಬೇರೆ ಸುಖ. ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಚೌಕಾಸಿ, ಒಬ್ಬರೂ ಹೇಳಿದ ಮಾತಿಗೆ ನಿಲ್ಲುವುದಿಲ್ಲ. ಆಟದಲ್ಲಿ ಕೆಂಪು ಅಂದರೆ ಕೆಂಪು, ಹಳದಿ ಅಂದರೆ ಹಳದಿ. ಸಿಗ್ನಲ್ ಜೊತೆ ಯಾರೂ ಚೌಕಾಸಿ ಮಾಡುವಂತಿಲ್ಲ ಅನ್ನುವುದೇ ಅವರಿಗೆ ನೆಮ್ಮದಿ.

ನನ್ನ ಸುಖ ಏನೆಂದು ನಾನು ಅವರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಮೂವರೂ ತಂತಮ್ಮ ಮನೆಗಳಲ್ಲಿ ಕೂತು ಒಂದೇ ಗಾಡಿಯಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಡ್ರೈವರ್, ಟೀಚರ್ ನನ್ನ ಸಹಾಯಕಿ, ಶಿವಣ್ಣ ಗಾರ್ಡು. ಮಾತು ಕಿವಿಗೆ ಹಾಕಿಕೊಳ್ಳುವ ಫೋನಿನಲ್ಲಿ. ಕ್ಯಾಬಿನ್ನಿನ ಒಂದು ಪದ್ಧತಿ ಇದೆ, ಹೊಸಬರಿಗೆ ಮೊದಲ ದಿನವೇ ಕಲಿಸುತ್ತಾರೆ. ಸಿಗ್ನಲ್ ಕಂಡ ಕೂಡಲೇ ಒಬ್ಬರು ಕೈ ತೋರಿಸಿ ಅದರ ಬಣ್ಣ ಕೂಗಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಕೂಗಬೇಕು. ಇಬ್ಬರ ಕಣ್ಣೂ ಒಂದೇ ಕಂಡಿತು ಅನ್ನುವುದಕ್ಕೆ ಅದೇ ಸಾಕ್ಷಿ. ನಾವು ಆಟದಲ್ಲೂ ಅದನ್ನು ಬಿಡಲಿಲ್ಲ. ಆದರೆ ಟೀಚರ್ ಕೂಗಿದ್ದು ನನ್ನ ಕಿವಿಗೆ ಮಾತ್ರ ಕೇಳುತ್ತಿತ್ತು. ಮನೆಯವರಿಗೆ ಕಾಣುತ್ತಿದ್ದದ್ದು ಏನು? ಹಜಾರದ ಮೂಲೆಯಲ್ಲಿ ಒಬ್ಬ ಮುದುಕ ಗೋಡೆಯ ಕಡೆ ಕೈ ಚಾಚಿ "ಹಳದಿ!" ಎಂದು ಅರಚುವುದು.

ಜಯಮ್ಮ ಮೊದಮೊದಲು ಅಡುಗೆಮನೆಯಿಂದ ಇಣುಕಿ ನೋಡಿ ಹೋಗುತ್ತಿದ್ದಳು. ಆಮೇಲೆ ಮಗನ ಕಿವಿಗೆ ಹಾಕಿದಳು. ನನ್ನ ಮಗ ಯೋಗೇಶ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಾನೆ, ಮನೆಯಲ್ಲಿ ನಮ್ಮ ಜೊತೆಗೇ ಇದ್ದಾನೆ. ಅವನು ಎರಡು ದಿನ ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನು ಗಮನಿಸಿದ. ಅದರ ಮೇಲೆ ನಾನೂ ಒಂದು ಎಡವಟ್ಟು ಮಾಡಿಕೊಂಡೆ. ಮಗನ ಬೈಕಿನ ಹಿಂದೆ ಕೂತು ರಾಮನಗರಕ್ಕೆ ಹೋಗುವಾಗ ವೃತ್ತದ ಟ್ರಾಫಿಕ್ ದೀಪ ಕಂಡು ಕೈ ಚಾಚಿ "ಕೆಂಪು!" ಎಂದು ಕೂಗಿಬಿಟ್ಟೆ. ಪಕ್ಕದ ಆಟೋದವನು ಬೆಚ್ಚಿಬಿದ್ದ. ಯೋಗೇಶ ಅಲ್ಲಿಂದ ಬೈಕನ್ನು ನೇರವಾಗಿ ಡಾಕ್ಟರ ಹತ್ತಿರ ತಿರುಗಿಸಿದ.

ಡಾಕ್ಟರು ಚಿಕ್ಕವಯಸ್ಸಿನವರು, ಒಳ್ಳೆಯವರೇ. ಇವತ್ತು ಯಾವ ವಾರ ಅಂದರು, ಹೇಳಿದೆ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದರು, ಕಳೆಯುತ್ತಾ ಹೋದೆ, ಅವರೇ ಸಾಕು ಸಾಕು ಅಂದರು. ಮನೆಯಲ್ಲಿ ಯಾರ ಜೊತೆ ಮಾತಾಡ್ತೀರಿ ಅಂದರು. "ಕಲ್ಯದ ಟೀಚರ್ ಜೊತೆ," ಎಂದೆ. ಯೋಗೇಶ ತಲೆ ತಗ್ಗಿಸಿಕೊಂಡ. ಎಲ್ಲಾ ಕೇಳಿಯಾದ ಮೇಲೆ ಡಾಕ್ಟರು, ತಂದೆಯವರಿಗೆ ಏನೂ ಆಗಿಲ್ಲ, ಕಂಪ್ಯೂಟರ್ ಮುಂದೆ ಕೂರುವುದು ಒಸಿ ಕಡಿಮೆ ಮಾಡಲಿ ಅಂದರು. ಮಗನಿಗೆ ಮೊದಲರ್ಧ ಕೇಳಿಸಲೇ ಇಲ್ಲ.

"ಅಪ್ಪ, ಡಾಕ್ಟ್ರೇ ಅಂದವ್ರೆ. ಆ ಪೆಟ್ಗೇನ ಭಾನುವಾರ ಮಾವನ್ ಮನೆಗೆ ಕಳ್ಸ್‌ಬುಡ್ತೀನಿ. ಊರೋರ್ ಮುಂದೆ ತಲೆ ಎತ್ಕಂಡ್ ತಿರುಗಕ್ಕಾಗ್ತಿಲ್ಲ ನಂಗೆ."

"ನಿನ್ ತಲೆ ಎತ್ತಕ್ಕೆ ನನ್ ಗಾಡಿ ನಿಲ್ಸ್‌ಬೇಕೇನ್ಲಾ?" ಎಂದೆ. "ಪೆಟ್ಗೆ ಮುಟ್ಟು, ಆಮೇಲೆ ನೋಡು."

ಬಾಯಿ ಜೋರಿತ್ತು, ಒಳಗೆ ಹೆದರಿಕೆ ಇತ್ತು. ಮನೆಯವರೆಲ್ಲ ಸೇರಿ ಒಬ್ಬನಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನ ಮಾಡಿಬಿಟ್ಟರೆ, ಅವನು ಏನು ಹೇಳಿದರೂ ಅದಕ್ಕೇ ಸಾಕ್ಷಿಯಾಗುತ್ತದೆ. ಊಟ ಚೆನ್ನಾಗಿದೆ ಅಂದರೂ ಪಾಪ ಅನ್ನುತ್ತಾರೆ.

ಆ ಭಾನುವಾರ ಬಂತು. ನನ್ನ ಭಾವಮೈದ ಚಿಕ್ಕಣ್ಣ ಪೆಟ್ಟಿಗೆ ಒಯ್ಯಲು ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ. ನಾನೂ ಸುಮ್ಮನಿರಲಿಲ್ಲ. ಶಿವಣ್ಣನವರನ್ನೂ ಟೀಚರನ್ನೂ ಊಟಕ್ಕೆ ಕರೆದಿದ್ದೆ. ಕನಕಪುರದ ಲೈನು ಆ ವಾರವೇ ಪೂರ್ತಿಯಾಗಿತ್ತು. ನಾನು ಯಾರ ಜೊತೆ ಮಾತಾಡುತ್ತಿದ್ದೆ ಎಂದು ಮನೆಯವರು ಕಣ್ಣಾರೆ ನೋಡಲಿ ಅಂತ. ಜಯಮ್ಮ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದಳು. ಟೀಚರನ್ನು ಕಂಡು, "ಓ, ನೀವು ನಿಜವಾಗ್ಲೂ ಇದ್ದೀರಾ!" ಎಂದು ಕೈ ಹಿಡಿದುಕೊಂಡಳು.

ಊಟವಾದ ಮೇಲೆ ಎಲ್ಲರ ಎದುರಿಗೂ ರಾಮನಗರದಿಂದ ಗಾಡಿ ಹೊರಡಿಸಿದೆ. ಟೀಚರ್ ಪಕ್ಕದಲ್ಲಿ ಕೂತು ಸಿಗ್ನಲ್ ಕೂಗಿದರು, ನಾನು ತಿರುಗಿ ಕೂಗಿದೆ. ಸೇತುವೆಗೆ ಮುಂಚೆ ಕೆಂಪು ಬಿತ್ತು. ನಿಲ್ಲಿಸಿ ಕಾಯುತ್ತಾ ಕೂತೆವು. ಚಿಕ್ಕಣ್ಣನಿಗೆ ತಾಳ್ಮೆ ಸಾಲಲಿಲ್ಲ.

"ನುಗ್ಸು ಭಾವ, ಅಲ್ಯಾವನವ್ನೆ ನೋಡಕ್ಕೆ? ಆಟ ತಾನೆ?"

"ಕೆಂಪೈತೆ ಕಣ್ಲಾ."

"ಕೆಂಪಿದ್ರೆ ಏನಾಯ್ತದೆ?"

ನಾನು ಸಿಗ್ನಲ್ ಮೇಲಿನ ಕಣ್ಣು ತೆಗೆಯಲಿಲ್ಲ. ಹಸಿರು ಬಂತು, ಹೊರಟೆವು. ಅರ್ಕಾವತಿ ದಾಟಿ, ಬಂಡೆಗಳ ಸಂದಿಯ ತಿರುವು ಕಳೆದು ವೇಗ ತೆಗೆದುಕೊಂಡೆ. ಶಿವಣ್ಣ ಹಿಂದಿನಿಂದ ಉತ್ಸಾಹದಲ್ಲಿ, "ಗೌಡ್ರೇ, ಒಂದು ಹೊಸಾದು ಸೇರ್ಸಿವ್ನಿ, ನೋಡಿ. ನಿಜವಾದ್ ಲೈನ್ ಹಂಗೇ ಇರ್ಲಿ ಅಂತ," ಅಂದರು.

ತಿರುವಿನಾಚೆ ಹಳಿಯ ಮೇಲೆ ಒಬ್ಬ ಮನುಷ್ಯ. ಹೆಗಲ ಮೇಲೆ ಟವೆಲ್ಲು. ನಿಧಾನವಾಗಿ ಹಳಿ ದಾಟುತ್ತಿದ್ದ.

ನನ್ನ ಕೈ ತಾನಾಗಿಯೇ ಬ್ರೇಕನ್ನು ಕೊನೆಯವರೆಗೂ ಎಳೆಯಿತು. ಇನ್ನೊಂದು ಕೈ ಹಾರ್ನ್ ಬಿಡಲಿಲ್ಲ. ಗಾಡಿ ನಿಲ್ಲಲಿಲ್ಲ, ನಿಲ್ಲುವುದಿಲ್ಲ, ಅಷ್ಟು ಭಾರದ ಗಾಡಿ ಅಷ್ಟರಲ್ಲಿ ಯಾವತ್ತೂ ನಿಲ್ಲುವುದಿಲ್ಲ. ಆ ಮನುಷ್ಯ ಗಾಜಿನ ತುಂಬ ದೊಡ್ಡದಾದ. ಆಮೇಲೆ ಎಂಜಿನ್ನಿನ ಒಳಗಿಂದಲೇ ಹಾದು, ಏನೂ ಆಗದವನಂತೆ ಆಚೆ ಬದಿಗೆ ನಡೆದು ಹೋದ.

ಎಲ್ಲರೂ ಗೊಳ್ಳೆಂದು ನಕ್ಕರು. "ಅಯ್ಯೋ, ದೆವ್ವ ಕಣ್ಲಾ!" ಎಂದ ಚಿಕ್ಕಣ್ಣ. ಶಿವಣ್ಣನವರೂ ನಗುತ್ತಾ, ಎಲ್ಲೋ ತಪ್ಪಾಗಿದೆ, ಗುದ್ದಿದರೆ ಗಾಡಿ ನಿಲ್ಲಬೇಕಾಗಿತ್ತು ಅಂದರು. ನಾನು ಹಾರ್ನ್ ಹಿಡಿದುಕೊಂಡೇ ಇದ್ದೆ. ಮನೆಯೆಲ್ಲ ಆ ಸದ್ದು. ಟೀಚರ್ ಮೆಲ್ಲಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನಾನು ಅಳುತ್ತಿದ್ದೆ.

"ನೋಡುದ್ರಾ? ಅದ್ಕೇ ನಾನ್ ಯೋಳಿದ್ದು," ಎಂದು ಯೋಗೇಶ ತಂತಿ ಕೀಳಲು ಬಗ್ಗಿದ.

"ಕೂತ್ಕೊಳ್ಳಲಾ," ಎಂದೆ. ಅವತ್ತು ಹೇಳಿದೆ.

ಒಂದು ಮಧ್ಯಾಹ್ನ. ಮೈಸೂರಿಗೆ ಹೋಗುವ ಗಾಡಿ. ರಾಮನಗರ ಬಿಟ್ಟ ಮೇಲೆ ಒಂದು ತಿರುವು. ಹಳಿಯ ನಡುವೆ ಒಬ್ಬ ರೈತ, ತಲೆ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಗಿತ್ತೇನೋ, ದಾರಿ ಹತ್ತಿರವಾಗಲಿ ಎಂದು ಹಳಿ ಹಿಡಿದಿದ್ದ. ಹೊರೆ ಕಿವಿಯ ಮೇಲೆಲ್ಲ ಇಳಿಬಿದ್ದಿತ್ತು. ನನ್ನ ಹಾರ್ನ್ ಅವನಿಗೆ ಕೇಳಿಸಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು. ಇರುವ ಬ್ರೇಕೆಲ್ಲ ಹಾಕಿದೆ. ಕಣ್ಣು ಮುಚ್ಚಲಿಲ್ಲ, ಡ್ರೈವರ್ ಕಣ್ಣು ಮುಚ್ಚುವ ಹಾಗಿಲ್ಲ. ಗಾಜಿಗೆಲ್ಲ ಹಸಿರು ಸೊಪ್ಪು ಮೆತ್ತಿಕೊಂಡಿತು. ನನ್ನ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದರು. ನನಗೂ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ? ಗಾಡಿಯಲ್ಲಿ ಜನ ಕಾಯುತ್ತಿದ್ದರು. ಗಾಜು ಒರೆಸಿ ಮೈಸೂರಿನವರೆಗೆ ನಾನೇ ಓಡಿಸಿದೆ. ಆಮೇಲೂ ಎಷ್ಟೋ ವರ್ಷ ಅದೇ ತಿರುವಿನಲ್ಲಿ ಹಾದೆ.

ಅದೊಂದೇ ಅಲ್ಲ. ಉಳಿದವನ್ನು ಅವತ್ತೂ ಹೇಳಲಿಲ್ಲ, ಇಲ್ಲೂ ಬರೆಯುವುದಿಲ್ಲ. ಹೊಸಬರೇ, ಟ್ರೈನಿಂಗಿನಲ್ಲಿ ನಿಮಗೆ ಎಲ್ಲವನ್ನೂ ಕಲಿಸುತ್ತಾರೆ, ಇದೊಂದನ್ನು ಬಿಟ್ಟು. ಅವತ್ತಿನ ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ಬಾಯಿ ಬಿಟ್ಟು ಹೇಳಿ. ಹೆಂಡತಿಗೆ ಹೇಳಿ, ಗಂಡನಿಗೆ ಹೇಳಿ, ಕೊಟ್ಟಿಗೆಯ ಹಸುವಿಗಾದರೂ ಹೇಳಿ. ಗಂಡಸು ಹೇಳಬಾರದು, ಡ್ರೈವರ್ ಅಳಬಾರದು ಅನ್ನುವವರ ಬಾಯಿಗೆ ಮಣ್ಣು ಹಾಕಿ.

"ಅದ್ಕೇ ಈ ಆಟ," ಎಂದೆ ಯೋಗೇಶನಿಗೆ. "ಇದ್ರಲ್ಲಿ ಹಳಿ ಖಾಲಿ ಇರ್ತದೆ ಕಣ್ಲಾ. ತಿರುವು ದಾಟುದ್ರೆ ಬರೀ ಹಳಿ. ನಂಗೆ ಗಾಡಿ ಅಂದ್ರೆ ಪ್ರಾಣ. ಆದ್ರೆ ಆ ಮಧ್ಯಾಹ್ನದಿಂದ ಈಚ್ಗೆ ಹೆದ್ರುಕೆ ಇಲ್ದೆ ಒಂದಿನಾನೂ ಓಡ್ಸಿರ್ನಿಲ್ಲ. ಈಗ ಓಡ್ಸ್ತಾ ಇದ್ದೀನಿ. ಹುಚ್ಚು ಅನ್ನು, ಏನಾದ್ರೂ ಅನ್ನು. ನಾನ್ ಬುಡಕಿಲ್ಲ."

ಜಯಮ್ಮ ಬಾಗಿಲ ಹತ್ತಿರ ಸೆರಗು ಹಿಡಿದು ನಿಂತಿದ್ದಳು.

"ಯಾವ ಮಧ್ಯಾಹ್ನ ಅಂತ ನಂಗೊತ್ತು," ಅಂದಳು. "ಅವತ್ತು ನೀವು ಊಟ ಬ್ಯಾಡ ಅಂದ್ರಿ. ಆಮ್ಯಾಲೆ ತಿಂಗ್ಳುಗಟ್ಲೆ ನನ್ ಮಕ ನೋಡಿ ಮಾತಾಡ್ನಿಲ್ಲ. ನನ್ ಮ್ಯಾಲೆ ಕ್ವಾಪ ಅನ್ಕಂಡಿದ್ದೆ ಕಣ್ರೀ. ಇಲ್ಲೀಗಂಟ ಹಂಗೇ ಅನ್ಕಂಡಿದ್ದೆ. ನಾನೇನ್ ತಪ್ ಮಾಡುದ್ನಪ್ಪ ಅಂತ ಎಷ್ಟ್ ದೇವ್ರಿಗೆ ಕೈ ಮುಗ್ದೆ ಗೊತ್ತಾ?"

ಯೋಗೇಶ ತಂತಿಯನ್ನು ಬಿಟ್ಟು ಎದ್ದು ಚಿಕ್ಕಣ್ಣನನ್ನು ಕರೆದುಕೊಂಡು ಹೊರಗೆ ಹೋದ. ಟೆಂಪೋ ಹೊರಟ ಸದ್ದು ಕೇಳಿತು. ಮಗ ಒಬ್ಬನೇ ವಾಪಸ್ಸು ಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಶಿವಣ್ಣನವರ ಮುಖ ಬಾಡಿಹೋಗಿತ್ತು. "ತಪ್ಪಾಯ್ತು ಗೌಡ್ರೇ, ಆ ಮನುಷ್ಯನ್ನ ಈಗ್ಲೇ ತೆಗ್ದಾಕ್ತೀನಿ," ಎಂದು ಕೀಲಿಮಣೆಗೆ ಕೈ ಹಾಕಿದರು.

"ತಡೀರಿ," ಅಂದಳು ಜಯಮ್ಮ. "ಇನ್ನೊಂದ್ ಕಿತ ತೋರ್ಸಿ."

ಬೇಡ ಅಂದೆ. ಕೇಳಲಿಲ್ಲ. ಬಂದು ನನ್ನ ಹಿಂದೆ ನಿಂತು ಎರಡೂ ಹೆಗಲ ಮೇಲೆ ಕೈ ಇಟ್ಟಳು. ಶಿವಣ್ಣ ಗಾಡಿಯನ್ನು ತಿರುವಿನ ಹಿಂದಕ್ಕೆ ತಂದರು. ನಾನು ಓಡಿಸಿದೆ. ಹಾರ್ನ್ ಹೊಡೆದೆ, ಬ್ರೇಕ್ ಎಳೆದೆ. ಟವೆಲ್ಲಿನ ಮನುಷ್ಯ ಗಾಜಿನ ತುಂಬ ಬಂದ, ಹಾದ, ಆಚೆ ಕಡೆ ಇಳಿದು ಹೊಲದ ಬದುವಿನ ಮೇಲೆ ನಡೆಯತೊಡಗಿದ.

"ನೋಡಿ, ಓಯ್ತಾವ್ನೆ," ಅಂದಳು ಜಯಮ್ಮ ನನ್ನ ಕಿವಿಯ ಹತ್ತಿರ. "ಮನೆಗೆ ಓಯ್ತಾವ್ನೆ."

ಶಿವಣ್ಣನವರು ಮತ್ತೆ, ಅದು ನಿಜಕ್ಕೂ ದೋಷವೇ, ತೆಗೆಯದಿದ್ದರೂ ಸರಿಯಾದರೂ ಮಾಡುತ್ತೇನೆ ಅಂದರು. ಅವನನ್ನ ಮುಟ್ಟಿದ್ರೆ ನಿಮ್ ಕೈ ಮುರೀತೀನಿ ಅಂದೆ.